ಅಕ್ಕನ ಬೆರಳಿಗೆ ಒಗ್ಗಿದ ಕೀಲಿಮಣೆ

ಯಸಳೂರು ಕಡೆಯ ಒಂದು ಸರ್ಕಾರಿ ಕಚೇರಿಯ ಕಂಪ್ಯೂಟರುಗಳಿಗೆ, ಯಾರು ಬೇಕಾದರೂ ತಿದ್ದಿಕೊಳ್ಳಬಹುದಾದ ಮುಕ್ತ ತಂತ್ರಾಂಶ ಹಾಕಲು ನನ್ನನ್ನು ಕಳಿಸಿದ್ದರು. ಬೆಳಿಗ್ಗೆಯೇ ಹಾಕಿ ಮುಗಿಸಿದೆ. ಮಧ್ಯಾಹ್ನ ನೋಡಿದರೆ ಅಲ್ಲಿನ ಟೈಪಿಸ್ಟ್ ಅಕ್ಕ ಕಣ್ಣೊರೆಸಿಕೊಳ್ಳುತ್ತಿದ್ದರು.

"ಒಂದು ಅಕ್ಷರ ಒತ್ತಿದ್ರೆ ಇನ್ನೊಂದು ಬರ್ತೈತೆ ಕಣ್ರೀ. ಇಷ್ಟ್ ವರ್ಷ ಕಲ್ತಿದ್ದೆಲ್ಲ ಹೋಗ್ಬುಡ್ತು."

ಅವರನ್ನು ಒಂದು ಮಾತೂ ಕೇಳದೆ ಎಲ್ಲ ಬದಲಿಸಿದ್ದೆ. ನಾಚಿಕೆಯಾಯಿತು. ಪಕ್ಕದಲ್ಲಿ ಕೂತು, ಅವರ ಬೆರಳು ಹೋಗುವ ಕಡೆಗೇ ಒಂದೊಂದು ಅಕ್ಷರವನ್ನೂ ಕೂರಿಸಿದೆ. ಅಕ್ಕ ತಮ್ಮ ಹೆಸರನ್ನು ಟೈಪಿಸಿ ನಕ್ಕರು.

ಮುಂದಿನ ತಿಂಗಳು ಆಲೂರು ಕಡೆಯ ಕಚೇರಿಗೆ ನಾನು ಹೊರಟಾಗ ಅಕ್ಕ ರಜೆ ಹಾಕಿ ಜೊತೆಗೆ ಬಂದರು. ಮುಖ ಸಪ್ಪಗೆ ಮಾಡಿಕೊಂಡಿದ್ದ ಅಲ್ಲಿನ ಗುಮಾಸ್ತರಿಗೆ, "ಹೆದರ್ಬ್ಯಾಡಿ. ನಿಮ್ಗೆ ಹೆಂಗ್ ಬೇಕು ಮೊದ್ಲು ಹೇಳಿ, ಇವ್ರು ಹಂಗೇ ಮಾಡ್ಕೊಡ್ತಾರೆ," ಎಂದರು.

ಗುಮಾಸ್ತರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.