ಗೀಜರ್ ಒಳಗ ಬರದದ್ದನ್ನ ಯಾರು ಓದ್ತಾರ?

ನಮ್ಮ ಮನಿಯವರಿಗೆ ಒಂದು ಹುಚ್ಚು ಐತ್ರಿ. ಯಾರ ಮನಿ ಗೀಜರ್ ರಿಪೇರಿ ಮಾಡಿದ್ರೂ, ನೀರು ಕಾಸೂ ಹೊಸಾ ಕಾಯಿಲ್ ಕೂಡಸೂ ಮುಂದ ಅದರ ಬುಡಕ್ಕ ಒಂದು ಚೂಪನ್ನ ಮೊಳಿಲೆ ಆವತ್ತಿನ ತಾರೀಖು ಗೀಚತಾರ. ಮಗ್ಗಲಕ್ಕ ‘ಜಾ’ ಅಂತ ಒಂದು ಅಕ್ಷರ. ಜಾನ್ಸನ್ ಅಂತ ಅವರ ಹೆಸರು. ಹುಬ್ಬಳ್ಳ್ಯಾಗ ಇಪ್ಪತ್ತಾರು ವರ್ಷದಿಂದ ಇದ ಕೆಲಸ. “ಅಲ್ರಿ, ಗೀಜರ್ ಒಳಗ ಬರದದ್ದನ್ನ ಯಾರು ಓದ್ತಾರ? ನೀರು ಓದತೈತೇನು?” ಅಂತ ನಾ ಚಾಷ್ಟಿ ಮಾಡಾಕಿ. “ಮುಂದ ಬಿಚ್ಚಿದಾಗ ನಾನ ಓದತೇನಿ ಬಿಡ, ಲಿಡಿಯಾ” ಅನ್ನಾವ್ರು. ಅಷ್ಟ ಮಾತು. ನನ್ನ ಬಾಯಿ ಎಷ್ಟು ದೊಡ್ಡದೋ ಅವರದು ಅಷ್ಟು ಸಣ್ಣದು.

ನಮ್ಮೂರಾಗ ನೀರು ಎರಡು ನಮೂನಿ. ವಾರಕ್ಕೊಮ್ಮೆ ಬಿಡೂ ಸೀ ನೀರು, ಮತ್ತ ದಿನಾ ನಳದಾಗ ಬರೂ ಬೋರಿನ ಸವಳ ನೀರು. ಸೀ ನೀರು ಕುಡಿಯಾಕ, ಅಡಗಿಗೆ ಅಷ್ಟ. ಅದನ್ನ ಜಳಕಕ್ಕ ಸುರಿಯೂದು ನಮ್ಮ ಮನ್ಯಾಗೂ ಯಾರೂ ಕಂಡಿಲ್ಲ. ಸವಳ ನೀರಾಗ ಬ್ಯಾಳಿ ಬೇಯೂದಿಲ್ಲ, ಸಬಕಾರ ನೊರಿ ಕೊಡೂದಿಲ್ಲ. ಗೀಜರ್ ಒಳಗ ಹೊಕ್ಕರಂತೂ ಕಾಯಿಲ್ ಸುತ್ತ ಬಿಳೀ ಸುಣ್ಣ ಕಟ್ಟಿ, ಕಾಯಿಲ್ ಸುಟ್ಟ ಹೋಗತೈತಿ. ವಾಶಿಂಗ್ ಮಶೀನಿಂದೂ ಅದ ಗತಿ. “ಈ ಸುಣ್ಣಾನ ನಮಗ ಅನ್ನ ಹಾಕತೈತಿ ನೋಡು” ಅಂತ ಇವರು ನಗತಿದ್ರು.

ದೀಪಾವಳಿ ಮುಂದ ಕಮರಿಪೇಟಿಯ ಕುಬೇರಪ್ಪ ಸಾವಕಾರ್ರ ಮನ್ಯಾಗ ಹೊಸಾ ಕಾಯಿಲ್ ಹಾಕಿ ಬಂದ್ರು. ಕಾಳಿನ ವ್ಯಾಪಾರಸ್ಥರು, ದೊಡ್ಡ ಮನಿ, ಮಾಳಿಗಿ ಮ್ಯಾಲೆ ಎರಡು ಟಾಕಿ, ಸೀ ನೀರಿಗೊಂದು, ಬೋರಿನ ನೀರಿಗೊಂದು. ಗೀಜರನ್ನ ಸೀ ನೀರಿನ ಟಾಕಿಗೆ ಜೋಡಿಸಿ, “ಈ ವಾಲ್ವ್ ತಿರುವಬ್ಯಾಡ್ರಿ, ಬೋರಿನ ನೀರು ಹೊಕ್ರ ಕಾಯಿಲ್ ಉಳಿಯೂದಿಲ್ಲ” ಅಂತ ಮನೀ ಮಂದಿಗೆಲ್ಲಾ ಹೇಳಿದ್ರು.

ಶಿವರಾತ್ರಿ ಮುಂಜಾನೆ ಆ ಗೀಜರ್ ಕೆಟ್ಟು ನಿಂತತು. ಸಾವಕಾರ್ರು ಬ್ಯಾರೆ ಯಾರನ್ನೋ ಕರದು ಬಿಚ್ಚಿಸಿದ್ರಂತ. ಒಳಗಿನ ಕಾಯಿಲ್ ಹತ್ತು ವರ್ಷದ್ದು ಇದ್ದಂಗ ಕಂಡತಂತ. ಸುದ್ದಿ ಕೇಳಿ ಇವರು ಓಡಿ ಹೋದ್ರ ಹೊಸ್ತಿಲಾ ದಾಟಗೊಡಲಿಲ್ಲ. ಓಣಿ ಮಂದಿ ಮುಂದ, “ಹಳೇದು ಹಾಕಿ ಹೊಸಾದು ಅಂದಿ. ಕಳ್ಳ ಅದಿ ನೀ” ಅಂದ್ರಂತ.

ಮನಿಗೆ ಬಂದು ಇಷ್ಟು ಹೇಳಿ ಒಂದು ತಂಬಗಿ ನೀರು ಕುಡುದ್ರು. ಸಮಾಧಾನ ಹೇಳೂದು ಬಿಟ್ಟು ನಾನು, “ಖರೇನ ಹೊಸಾದ ಹಾಕಿದ್ರಿ ಹೌದಲ್ರಿ?” ಅಂದ್ಬಿಟ್ಟೆ. ನನ್ನ ನಾಲಿಗಿಗೆ ಬೆಂಕಿ ಹಚ್ಚ! ನಾಕು ತಿಂಗಳದಾಗ ಕಾಯಿಲ್ ಹಂಗಾಗೂದು ನಾ ಎಲ್ಲೂ ಕೇಳಿರಲಿಲ್ಲ, ಅದಕ್ಕ ಬಾಯಿಗೆ ಬಂತು. ಅವರು ನನ್ನ ಮಾರಿ ನೋಡಿದ್ರು. “ನೀನೂ ಕೇಳಿದಿ” ಅಂದು, ಸಾಮಾನಿನ ಚೀಲ ಗೂಟಕ್ಕ ಹಾಕಿದ್ರು. “ಸಾಕಾತು. ಇನ್ನ ಯಾರ ಮನಿಗೂ ಹೋಗೂದಿಲ್ಲ ನಾ.”

ಐದು ದಿನಾ ಚೀಲ ಗೂಟದಾಗ. ಫೋನ್ ಬಂದ್ರ ಎತ್ತಲಿಲ್ಲ. ಆಮ್ಯಾಲೆ ಬರೂದು ಸೈತ ನಿಂತತು. ರವಿವಾರ ಚರ್ಚಿನಾಗ ಕಡೀ ಬೆಂಚಿನ ಮ್ಯಾಲೆ ಕುಂತು, ಪ್ರಾರ್ಥನಾ ಮುಗಿಯೂದ್ರಾಗ ಎದ್ದು ಬಂದ್ರು. ಸಾವಕಾರ್ರು ಅಂದದ್ದಕ್ಕಿಂತ ನಾ ಕೇಳಿದ್ದು ಅವರಿಗೆ ಹತ್ತಿತ್ತು.

ಆರನೇ ದಿನ ಧೂಳ ಝಾಡಿಸಾಕಂತ ಚೀಲ ಇಳಿಸಿದೆ. ಒಳಗಿಂದ ಆ ಮೊಳಿ ಟಣ್ಣಂತ ಬಿತ್ತು. ಎದಿ ಝಲ್ಲಂತು ನೋಡ್ರಿ! ಬರದಾರಲ್ಲ! ಆ ಕಾಯಿಲಿನ ಬುಡಕ್ಕೂ ತಾರೀಖು ಬರದಿರತಾರಲ್ಲ ಈ ಮನಿಷ್ಯಾ! ಹಾಸಿಗಿ ಮ್ಯಾಲೆ ಬಿದ್ದಕೊಂಡಿದ್ದ ಇವರಿಗೆ, “ಇದನ್ನ ಹೇಳಬಾರದೇನ್ರಿ?” ಅಂತ ಒದರಿದೆ. “ನಂಬಾವ್ರು ಹೇಳದನ ನಂಬತಿದ್ರು” ಅಂದು ಆ ಮಗ್ಗಲಾ ಹೊರಳಿದ್ರು. ಎಂಥಾ ಮೊಂಡ ಗಂಡಸು ಅಂತೇನಿ! ಚೀಲದಾಗಿನ, ಸುಣ್ಣ ಕರಗಸೂ ನಿಂಬಿ ಉಪ್ಪಿನ ಪೊಟ್ಟಣ ತಗೊಂಡು, ಸೆರಗು ಬಿಗದು, ಸೀದಾ ಕಮರಿಪೇಟಿಗೆ ನಡದೆ.

ಕುಬೇರಪ್ಪನವರು ಕಟ್ಟಿ ಮ್ಯಾಲೆ ಕುಂತಿದ್ರು. “ಸಾವಕಾರ್ರ, ಆ ಕಾಯಿಲ್ ಕೊಡ್ರಿ. ಒಂದು ಬಕೀಟು ಬಿಸಿನೀರೂ ಕೊಡ್ರಿ. ಆಮ್ಯಾಲೆ ಬೇಕಾದ್ದು ಅನ್ರಿ” ಅಂದೆ. ನನ್ನ ಧ್ವನಿಗೆ ಓಣಿ ಮಂದೆಲ್ಲಾ ಹೊರಗ ಬಂತು. ಅವರ ಸೊಸಿ ರಜನಿ ಹಿತ್ತಲದಾಗ ಒಗದಿದ್ದ ಕಾಯಿಲ್ ತಂದ್ಲು. ಅಯ್ಯ ನಮ್ಮವ್ವ, ಅದು ಗ್ವಾಡಿಯಿಂದ ಕಿತ್ತ ಸುಣ್ಣದ ಹೆಂಟಿ ಇದ್ದಂಗಿತ್ತು! ನಿಂಬಿ ಉಪ್ಪು ಕದಡಿದ ನೀರಾಗ ಮುಳುಗಿಸಿದೆ. ಬುರುಬುರು ಗುಳ್ಳಿ ಏಳಾಕತ್ತುವು. ಕರ್ತನೇ, ಅಕ್ಷರ ಅಳಿಸಿರಬಾರದಪಾ ಅಂತ ಬೇಡಕೋತ ಒಂದು ತಾಸು ಅಲ್ಲೆ ಕುಂತೆ. ಸುಣ್ಣ ಉದುರಿ ಕೆಂಪನ್ನ ತಾಮ್ರ ಕಂಡತು. ರಜನಿ ಅರಿವಿಲೆ ಒರಸಿ, ಬುಡಾ ಬೆಳಕಿಗೆ ಹಿಡದು ಓದಿದ್ಲು. ದೀಪಾವಳಿ ಹಿಂದಿನ ದಿನದ ತಾರೀಖು! “ಮಾವಾರ, ಇಲ್ಲೆ ‘ಜಾ’ ಅಂತನೂ ಐತ್ರಿ.”

“ಹಂಗಾರ ನಾಕು ತಿಂಗಳದಾಗ ಹಿಂಗ ಹೆಂಗಾತು?” ಅಂತ ಸಾವಕಾರ್ರು ತೊದಲಿದ್ರು. ಬಾಗಲದಾಗ ನಿಂತಿದ್ದ ಅವರ ತಾಯಿ ಬಾಳವ್ವ ಮೆಲ್ಲಕ ಬಾಯಿ ಬಿಟ್ರು. “ಆ ವಾಲ್ವ್ ನಾನ ತಿರುವೇನಿ. ವಾರಕ್ಕೊಮ್ಮೆ ಬರೂ ಕುಡ್ಯೂ ನೀರು. ಅದನ್ನ ಯಾರರ ಮೈಮ್ಯಾಲೆ ಸುರಕೋತಾರೇನೋ ಕುಬೇರಾ? ಪಾಪ ಬರತೈತಿ. ಹಬ್ಬಾ ಮುಗದ ಮರದಿನಾನ ಬೋರಿಗೆ ತಿರುವಿಟ್ಟೆ.”

ಸಾವಕಾರ್ರು ಹಣಿ ಹಣಿ ಬಡಕೊಂಡ್ರು. ನೊರಿ ಬರವಲ್ದು ಅಂತ ಅವರು ನಾಕು ತಿಂಗಳದಿಂದ ಸಬಕಾರದ ಅಂಗಡಿಯವನ ಕೂಡ ಜಗಳಾ ಆಡಿದ್ರಂತ! ರಜನಿ ಕಿಸಕ್ಕಂತ ನಕ್ಲು. ನನಗ ನಗೂನೂ ಬಂತು, ಅಳೂನೂ ಬಂತು. ಎದಿ ಮ್ಯಾಲಿನ ಬೀಸೂಕಲ್ಲು ಇಳದಂಗಾತ್ರಿ. ಮುದುಕಿ ಮ್ಯಾಲೆ ಸಿಟ್ಟಾಗಾಕ ಮನಸ್ಸ ಬರಲಿಲ್ಲ.

ಸಂಜಿಮುಂದ ಸಾವಕಾರ್ರು ತಾವ ನಮ್ಮ ಮನಿಗೆ ಬಂದ್ರು. ಒಳಗ ಬರ್ರಿ ಅಂದ್ರೂ ಬರಲಿಲ್ಲ. ಓಣ್ಯಾಗ ನಿಂತು, “ಜಾನ್ಸನ್ನವರ, ಮಂದಿ ಮುಂದ ಅಂದಿದ್ದೆ, ಮಂದಿ ಮುಂದನ ಹೇಳತೇನಿ. ನಂದು ತಪ್ಪಾತ್ರಿ. ನಾಳೆ ಬಂದು ಗೀಜರ್ ನೀವ ಮಾಡಿಕೊಡ್ರಿ” ಅಂತ ಕೈ ಮುಗುದ್ರು. ಇವರು, “ಅವ್ವಾರಿಗೆ ಬೈಬ್ಯಾಡ್ರಿ ಮತ್ತ” ಅಂದ್ರು.

ಅವರು ಹೋದ ಮ್ಯಾಲೆ ನಂದೂ ತಪ್ಪಾತ್ರಿ ಅನ್ನಬೇಕಂತ ಬಾಯಿ ತಗದೆ. ಜಗಳಕ್ಕ ಸರಳ ಹೊರಳೂ ಈ ನಾಲಿಗಿ ಆಗ ಹೊರಳಲಿಲ್ಲ ನೋಡ್ರಿ. ಅಡಗಿ ಮನಿಗೆ ಹೋದೆ. ನೀರು ಬಿಟ್ಟು ಆರು ದಿನಾ ಆಗಿತ್ತು, ಸೀ ನೀರು ಎರಡ ಕೊಡಾ ಉಳದಿತ್ತು. ಎರಡೂ ಕಾಸಿ ಬಚ್ಚಲದಾಗ ಇಟ್ಟು, “ಜಳಕಾ ಮಾಡಹೋಗ್ರಿ” ಅಂದೆ.

ಸ್ವಲ್ಪ ಹೊತ್ತಿಗೆ ಒಳಗಿಂದ ಕೂಗಿದ್ರು. “ಲಿಡಿಯಾ! ಇದೇನ, ಸಬಕಾರ ಇಷ್ಟು ನೊರಿ ಬರಾಕತ್ತೈತಿ? ಯಾವ ನೀರು ಇಟ್ಟಿ?”

“ಸುಮ್ನ ಜಳಕಾ ಮಾಡ್ರಿ” ಅಂದೆ.

ಬಚ್ಚಲದಾಗ ತಂಬಗಿಲೆ ನೀರು ಸುರಕೊಳ್ಳೂ ಸಪ್ಪಳಾತು. ಆಮ್ಯಾಲೆ ಇವರು ನಗೂದು ಕೇಳಿಸ್ತು, ಆರು ದಿನದ ಮ್ಯಾಲೆ.

“ಆ ಚೀಲ ಇಳಿಸಿಡು” ಅಂದ್ರು. “ಒಳಗ ಮೊಳಿ ಐತೋ ಇಲ್ಲೋ ನೋಡು.”