ಕಾಲಿನ ತಪ್ಪು, ಕೈಯ ತಪ್ಪು

ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಮಿಲ್ಲು ನಡೆಸುವ ಹೆಂಗಸು ಐವತ್ತು ದಾಟಿದ ಮೇಲೆ ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರು ಬೇಕೆಂದರೆ ಜನ ನಗದೆ ಇರುತ್ತಾರೆಯೇ? ನಕ್ಕರು. ನಮ್ಮ ಯಜಮಾನರಂತೂ "ಅದ್ರಾಗೆ ಶೇಂಗಾ ಚೀಲ ಎಲ್ಲಿಡ್ತೀಯೇ?" ಎಂದು ಕಂಡಕಂಡವರ ಮುಂದೆ ಕೇಳಿದರು. ನಗಲಿ ಬಿಡಿ. ಮಿಲ್ಲಿನ ಲಾರಿಯಲ್ಲಿ ಗೇರು ಹಾಕಲು ಕಲಿತವಳು ನಾನು. ಒಡವೆ ಕೇಳಿದವಳಲ್ಲ, ಜರಿ ಸೀರೆ ಕೇಳಿದವಳಲ್ಲ. ಹುಡುಗಿಯಾಗಿದ್ದಾಗಿನಿಂದ ಮನಸ್ಸು ಬಯಸಿದ್ದು ಇದೊಂದನ್ನೇ. ಹೊಸದು ನಮ್ಮ ಕೈಗೆಟುಕುವ ಮಾತಲ್ಲ. ಹಾಗಾಗಿ ಮೊಳಕಾಲ್ಮೂರಿನ ಸೀರೆ ವ್ಯಾಪಾರಿಯೊಬ್ಬರು ತಮ್ಮ ಕೆಂಪು ಕಾರನ್ನು ಮಾರುತ್ತಾರಂತೆ ಎಂದು ಕಿವಿಗೆ ಬಿದ್ದಾಗ ನನಗೆ ಊಟ ಸೇರಲಿಲ್ಲ.

ಫೋನ್ ಮಾಡಿ ನೆಟ್ಟಗೆ ಕೇಳಿದೆ: "ಜೋರಾಗಿ ಓಡ್ಸಿದೀರೇನ್ರಿ?"

"ಇಲ್ಲ ತಾಯಿ, ಒಂದು ದಿನಾನೂ ಜೋರಾಗಿ ಓಡ್ಸಿಲ್ಲ. ಮಂಡಿ ನೋವು. ಅಷ್ಟು ತಗ್ಗಿನ ಗಾಡೀಲಿ ಕೂತು ಏಳಾಕಾಗಲ್ಲ, ಅದಕ್ಕೇ ಮಾರ್ತಿರೋದು," ಎಂದರು ಆ ಹಿರಿಯರು.

ಚಿತ್ರದುರ್ಗದಲ್ಲಿ ಗ್ಯಾರೇಜು ಇಟ್ಟಿರುವ ನನ್ನ ತಮ್ಮನನ್ನೂ ಅವನ ಲ್ಯಾಪ್‌ಟಾಪನ್ನೂ ಕರೆದುಕೊಂಡು ಹೊರಟೆ. ಕುರಿ ಹಿಂಡು ರಸ್ತೆ ದಾಟಲೆಂದು ನಿಂತಾಗ ಅವನು ಹೇಳಿದ: "ಅಕ್ಕಾ, ಎಂಜಿನ್ನು ಮಿತಿ ಮೀರಿ ತಿರುಗಿದ್ರೆ ಒಳಗಿರೋ ಕಂಪ್ಯೂಟರ್ ಅದನ್ನ ಬರ್ಕೊಳ್ಳುತ್ತೆ. ಎಷ್ಟು ಮೀರ್ತು ಅನ್ನೋದನ್ನ ಮೆಟ್ಲು ಮೆಟ್ಲಾಗಿ. ಕೆಳಗಿನ ಮೆಟ್ಲು ಕಾಲಿನ ತಪ್ಪು. ಆಕ್ಸಿಲರೇಟರ್ ಪೂರ್ತಿ ಒತ್ತಿದ್ರೆ ಹಂಗಾಗುತ್ತೆ, ಕಂಪ್ಯೂಟರೇ ಪೆಟ್ರೋಲ್ ಕಟ್ ಮಾಡಿ ಎಂಜಿನ್ ಉಳಿಸುತ್ತೆ. ಮೇಲಿನ ಮೆಟ್ಲು ಕೈಯ ತಪ್ಪು. ಜೋರಾಗಿ ಹೋಗ್ತಾ ನಾಲ್ಕರಿಂದ ಐದಕ್ಕೆ ಹಾಕೋ ಬದ್ಲು ಮೂರಕ್ಕೆ ಹಾಕಿದ್ರೆ ಚಕ್ರಾನೇ ಎಂಜಿನ್ನನ್ನ ತಿರುಗ್ಸುತ್ತೆ. ಅದನ್ನ ಯಾರೂ ತಡೆಯಾಕಾಗಲ್ಲ. ಅಲ್ಲಿ ಒಂದಿದ್ರೂ ಕೈ ಮುಗಿದು ವಾಪಸ್ ಬರಣ."

"ಬಾಯಲ್ಲಿ ಒಳ್ಳೇ ಮಾತು ಬರಲ್ವೇನೋ?" ಎಂದು ಗದರಿದೆ.

ಕಾರು ಅವರ ಮನೆಯ ಪಕ್ಕದ ಶೆಡ್ಡಿನಲ್ಲಿತ್ತು. ಹಿರಿಯರು ಹೊದಿಕೆ ತೆಗೆದರು. ಅಬ್ಬಾ! ಎಷ್ಟು ಚೆನ್ನಾಗಿತ್ತೆಂದರೆ ನಾನು ನಾಚಿಕೆ ಬಿಟ್ಟು ಅದರ ಬೆನ್ನು ಸವರಿದೆ. ನನ್ನ ತಮ್ಮ ಸ್ಟೀರಿಂಗಿನ ಕೆಳಗೆ ವೈರು ಸಿಕ್ಕಿಸಿ ಲ್ಯಾಪ್‌ಟಾಪ್ ನೋಡುತ್ತ ಕೂತ. ಅವನ ಹುಬ್ಬು ಮೇಲೇರಿತು.

"ಅಕ್ಕಾ, ಕೆಳಗಿನ ಮೆಟ್ಲು ತುಂಬಿ ತುಳುಕ್ತಾ ಐತೆ. ಸಾವಿರಗಟ್ಲೆ."

ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. "ಒಂದು ದಿನಾನೂ ಜೋರಾಗಿ ಓಡ್ಸಿಲ್ಲ ಅಂದ್ರಲ್ರೀ! ಇದೇನ್ರಿ ಇದು?" ಎಂದು ಶೆಡ್ಡು ಹಾರಿಹೋಗುವಂತೆ ಕೂಗಿದೆ. ನಿಜ ಹೇಳಬೇಕೆಂದರೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು.

ಹಿರಿಯರ ಮುಖ ಸಣ್ಣಗಾಯಿತು. "ಈ ಊರಾಗೆ ನನ್ನ ಬಾಯಿಮಾತಿನ ಮೇಲೆ ಮದುವೆ ಸೀರೆ ಕೊಂಡೋಗ್ತಾರೆ ತಾಯಿ. ಓಡ್ಸಿಲ್ಲ ಅಂದ್ರೆ ಓಡ್ಸಿಲ್ಲ. ನಿಮ್ಮ ಪೆಟ್ಟಿಗೆ ಕೆಟ್ಟೈತೆ."

ಅಷ್ಟರಲ್ಲಿ ಅವರ ಹೆಂಡತಿ ಮಂಡಕ್ಕಿ ಒಗ್ಗರಣೆ ತಂದರು. ನಡೆದದ್ದನ್ನು ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ. ಸಿಟ್ಟು ಬಂದರೆ ತೆಲುಗಿಗೆ ಹೊರಳುವ ಹೆಂಗಸು. "ಪೂಜ ರೋಜು ಸಂಗತಿ ಚೆಪ್ಪಂಡಿ!" ಎಂದು ಗಂಡನ ಮೇಲೆ ರೇಗಿದರು. ಪೂಜೆ ದಿನದ ಸಂಗತಿ ಹೇಳಿ ಎಂದು.

"ಅದು ಓಡ್ಸೋದಲ್ಲ ಕಣೇ," ಎಂದರು ಹಿರಿಯರು. "ಅದು ರೈಸ್ ಮಾಡೋದು."

ಕೆದಕಿದಾಗ ಎಲ್ಲ ಹೊರಬಂತು. ಪ್ರತಿ ಆಯುಧಪೂಜೆಗೆ ಆರತಿಯಾಗಿ ಕುಂಬಳಕಾಯಿ ಒಡೆದ ಮೇಲೆ, ಇವರು ಕಾರನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿಕೊಂಡು ಆಕ್ಸಿಲರೇಟರನ್ನು ತಳ ಮುಟ್ಟುವಂತೆ ಒತ್ತುತ್ತಿದ್ದರಂತೆ. ಇಡೀ ಬೀದಿ ಬಂದು ನಿಲ್ಲುವವರೆಗೆ ಬಿಡುತ್ತಿರಲಿಲ್ಲವಂತೆ. "ನಮ್ಮಪ್ಪ ಲಾರಿಗೆ ಹಂಗೇ ಮಾಡೋನು. ಎಂಜಿನ್ ಬಾಯ್ಬಿಟ್ಟು ಕೂಗಿದ್ರೇನೇ ಪೂಜೆ ದೇವ್ರಿಗೆ ಮುಟ್ಟೋದು ಅನ್ನೋನು."

ನಮ್ಮ ಮಿಲ್ಲಿನಲ್ಲಿ ಹಬ್ಬದ ದಿನ ಲಾರಿ ರೈಸ್ ಮಾಡುವವಳು ನಾನೇ. ನಮ್ಮ ಕಡೆ ಅದನ್ನು ಓಡಿಸುವುದು ಎಂದು ಯಾರೂ ಅನ್ನುವುದಿಲ್ಲ. ಓಡಿಸಿದ್ದೀರಾ ಎಂದು ನಾನು ಕೇಳಿದ್ದೆ, ಇಲ್ಲ ಎಂದು ಅವರು ಹೇಳಿದ್ದರು. ನಗು ತಡೆಯಲಾಗಲಿಲ್ಲ. ನನ್ನ ತಮ್ಮ ತಲೆ ಚಚ್ಚಿಕೊಂಡು "ಪೂಜೆ ಹೆಸರಲ್ಲಿ ಎಂಜಿನ್ನಿಗೇ ಮಂಗಳಾರತಿ ಎತ್ತಿದೀರಲ್ರೀ!" ಎಂದ. ಆಮೇಲೆ ಮೇಲಿನ ಮೆಟ್ಟಿಲುಗಳನ್ನು ಒಂದೊಂದಾಗಿ ನೋಡಿದ. ಎಲ್ಲವೂ ಸೊನ್ನೆ. ಕೆಳಗಿನ ಮೆಟ್ಟಿಲಿನ ಕೊನೆಯ ದಾಖಲೆಯ ನಂತರ ಎಂಜಿನ್ನು ಓಡಿದ್ದೇ ಬೆರಳೆಣಿಕೆಯ ಗಂಟೆ. ಅಂದರೆ ಅದು ಕಳೆದ ಹಬ್ಬದ್ದೇ; ಅಲ್ಲಿಂದೀಚೆ ಕಾರು ಹೆಚ್ಚುಕಡಿಮೆ ಶೆಡ್ಡಿನಲ್ಲೇ ಇತ್ತು.

"ತಪ್ಪು ತಿಳ್ಕಬೇಡಿ ಯಜಮಾನ್ರೇ," ಎಂದೆ.

"ಮಂಡಕ್ಕಿ ತಿನ್ನು ತಾಯಿ, ಆರೋಗ್ತೈತೆ," ಎಂದರು.

ಮಾತು ಮುಗಿದು ಬೀಗದಕೈ ನನ್ನ ಕೈಗೆ ಬಂದಾಗ ಹಿರಿಯರು ಕಾರಿನ ಬಾಗಿಲು ಹಿಡಿದುಕೊಂಡೇ ನಿಂತಿದ್ದರು. "ಊರ ಹೊರಗಿನ ತನಕ ನಾನೂ ಬರ್ಲಾ?" ಎಂದರು. ತಮ್ಮನೂ ನಾನೂ ಸೇರಿ ಮೆಲ್ಲಗೆ ಅವರನ್ನು ಪಕ್ಕದ ಸೀಟಿನಲ್ಲಿ ಕೂರಿಸಿದೆವು. ರಾಯದುರ್ಗದ ರಸ್ತೆ ಖಾಲಿಯಿತ್ತು. ಎರಡನೇ ಗೇರು, ಮೂರನೇ ಗೇರು, ಕೈ ಹುಷಾರು ಎಂದುಕೊಂಡು ಕಾಲು ಒತ್ತಿದೆ. ಕಾರು ಚಿಮ್ಮಿತು. ಬೆನ್ನು ಸೀಟಿಗೆ ಅಂಟಿಕೊಂಡಿತು. ಇಷ್ಟು ವರ್ಷ ಕಾದದ್ದು ಸಾರ್ಥಕವಾಯಿತು ಅನ್ನಿಸಿ ನಾನು ಜೋರಾಗಿ ನಕ್ಕುಬಿಟ್ಟೆ.

ಪಕ್ಕಕ್ಕೆ ನೋಡಿದೆ. ಹಿರಿಯರು ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡು, ಕಣ್ಣರಳಿಸಿಕೊಂಡು ರಸ್ತೆಯನ್ನೇ ನೋಡುತ್ತಿದ್ದರು.

"ಇದು ಹಿಂಗೂ ಹೋಗ್ತಿತ್ತೇನಮ್ಮಾ?" ಎಂದರು.