ಎರಡು ಕೈಯ ಮಣಿಗಳು

ಬೇಸಿಗೆಯಲ್ಲಿ ಸಕಲೇಶಪುರದ ಸಂತೆಗೆ ಹೋಗಿ, ಹಳೇ ಕಾಗದದ ಪಟ್ಟಿಗಳನ್ನು ಸುತ್ತಿ, ಬಣ್ಣ ಬಳಿದು ನಾನು ಮಾಡಿದ ಮಣಿಸರಗಳನ್ನು ಮಾರುತ್ತಿದ್ದೆ. ಅದೂ ಅಂಥದೇ ಒಂದು ದಿನ. ಎಸ್ಟೇಟ್ ಸ್ಟೋರಿನಲ್ಲಿ ಕಾಫಿ ಬೀಜ ಆರಿಸುವ ಹೆಂಗಸೊಬ್ಬಳು ಒಂದು ಸರ ಎತ್ತಿಕೊಂಡು ಬೆರಳಲ್ಲಿ ಉರುಳಿಸಿದಳು.

“ಅಕ್ಕಾ, ಇದ್ರಲ್ಲಿ ಎರಡು ಕೈ ಕೆಲಸ ಐತೆ.”

ತೀರಿಹೋದ ನನ್ನ ಮಗಳು ಸುತ್ತಿಟ್ಟಿದ್ದ ಮಣಿಗಳನ್ನು, ಮನೆ ಗುಡಿಸುವಾಗ ನನ್ನ ತಂಗಿ ತಿಳಿಯದೆ ನನ್ನ ಡಬ್ಬಿಗೇ ಸುರಿದುಬಿಟ್ಟಿದ್ದಳು. ಎಲ್ಲಕ್ಕೂ ಒಂದೇ ಕೆಂಪು ಬಣ್ಣ. ವಾರಗಟ್ಟಲೆ ಹುಡುಕಿ, ಬೇರೆ ಮಾಡಲಾಗದೆ, ಕೊನೆಗೆ ಹಾಗೇ ಪೋಣಿಸಿದ್ದೆ.

“ನನ್ನ ಮಗಳದ್ದು ಬೇರೆ ಮಾಡಿ ಕೊಡ್ತೀಯೇನಮ್ಮ? ಅವಳು ಈಗಿಲ್ಲ” ಎಂದೆ.

ಅವಳು ಅಲ್ಲೇ ಕೂತು, ಸರಗಳನ್ನೆಲ್ಲ ಬಿಚ್ಚಿ ಮಡಿಲಿಗೆ ಸುರಿದುಕೊಂಡಳು. ಕಣ್ಣು ನನ್ನ ಮುಖದ ಮೇಲೇ ಇತ್ತು. ಬೆರಳುಗಳು ಮಾತ್ರ ಒಂದು ಕ್ಷಣವೂ ತಡವರಿಸದೆ ಮಣಿಗಳನ್ನು ಎರಡು ಗುಡ್ಡೆ ಮಾಡುತ್ತಿದ್ದವು.

“ಸಣ್ಣ ಬೆರಳಿನವು ಬಿಗಿಯಾಗವೆ. ನಿಮ್ದೇ ಸಡಿಲ ಕಣಕ್ಕ. ಕೆಲ್ಸ ನೋಡ್ಕಳೋ ನಮ್ ರೈಟ್ರು ನಿಮ್ಮನ್ನ ಮೊದಲ್ನೇ ದಿನಾನೇ ಮನೆಗೆ ಕಳಿಸ್ಬುಡೋರು!”

ಮನೆಗೆ ಬಂದು, ಬಿಗಿಯಾದವುಗಳಲ್ಲಿ ಒಂದನ್ನು ಸೂಜಿಯಿಂದ ಮೆಲ್ಲಗೆ ಬಿಚ್ಚಿದೆ. ಒಳಗೆ ಮಗಳ ಅಕ್ಷರದಲ್ಲಿ ಏಳರ ಮಗ್ಗಿಯ ಒಂದು ಸಾಲಿತ್ತು.